ಹುಳುಕಡ್ಡಿಯ ತುಪ್ಪ

ಹದಿಮೂರು ದಿನದ ಕಾರ್ಯಗಳೆಲ್ಲ ಮುಗಿದು, ಮೈದುನ ಗಗನ್ ಅಸ್ಥಿಯ ಕುಡಿಕೆಯೊಂದಿಗೆ ಊರಿನ ವಿಮಾನ ಹತ್ತಿದ ಮರುದಿನ, ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ತೀರಿಹೋದ ಅನಂತಕೃಷ್ಣನ ಫೋನು ಹೊಡೆದುಕೊಂಡಿತು.

ವಿನೋದಿನಿ ಅಡುಗೆಮನೆಯಲ್ಲಿ ನಿಂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಹೊರಗೆ ಕಸದ ಲಾರಿ ಬಂದಿತ್ತು. ಎದುರುಮನೆಯವರು ಎಂದಿನಂತೆ ತಡವಾಗಿ ಎದ್ದು, ಪೈಜಾಮದಲ್ಲೇ ತಮ್ಮ ಡಬ್ಬಿಯನ್ನು ಲಾರಿಯ ಹಿಂದೆ ಎಳೆದುಕೊಂಡು ಓಡುತ್ತಿದ್ದರು. ಕಾರ್ಕ್ ನಗರಕ್ಕೆ ಅದೊಂದು ಮಾಮೂಲಿ ಸೋಮವಾರ. ಫೋನಿನ ಪರದೆಯ ಮೇಲೆ ಗಂಡ ತನಗೆ ತಾನೇ ಬರೆದು ಅಲಾರಂ ಇಟ್ಟುಕೊಂಡಿದ್ದ ಮಾತು ಇತ್ತು.

"ಗುರುವಾರ ಬ್ರೀಡಾ ಅಜ್ಜಿ ಜಾಡಿ ವಾಪಸ್. ಪೂರ್ತಿ ಖಾಲಿ ಮಾಡ್ಬೇಡ, ಹೆಪ್ಪು ಉಳ್ಸು. ಅಷ್ಟರಲ್ಲಿ ವಿನು ಹತ್ರ ಟೆಸ್ಟ್ ಮಾಡ್ಸು. ಬೈದ್ರೂ ಪರವಾಗಿಲ್ಲ."

ಅವಳು ಅದನ್ನು ನಾಲ್ಕು ಸಲ ಓದಿದಳು. ಏನೂ ಆಗಲಿಲ್ಲ. ಇಷ್ಟು ದಿನವೂ ಏನೂ ಆಗಿರಲಿಲ್ಲ. ಎರಡು ಮನೆ ಆಚೆ ಇರುವ ಗೆಳತಿ ಕಾತ್ಯಾಯಿನಿ, ಮೈಸೂರಿನ ಸಾಫ್ಟ್‌ವೇರ್ ಹುಡುಗಿ, ಇವಳು ಅಳುತ್ತಿಲ್ಲವೆಂದು ಕಂಗಾಲಾಗಿ, ಸೂತಕದಲ್ಲಿ ಈರುಳ್ಳಿ ಕೂಡದೆಂಬುದನ್ನೂ ಮರೆತು, ಎರಡು ಕೆಜಿ ಈರುಳ್ಳಿ ತಂದು ಹೆಚ್ಚಿಕೊಡು ಎಂದು ಮುಂದಿಟ್ಟಿದ್ದಳು. ವಿನೋದಿನಿ ಅಷ್ಟನ್ನೂ ಒಂದೇ ಅಳತೆಗೆ ಹೆಚ್ಚಿಟ್ಟಳು. ಕಣ್ಣು ಒದ್ದೆಯೂ ಆಗಲಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಿಗೆ ಈರುಳ್ಳಿ ಅಷ್ಟಾಗಿ ತಾಕುವುದಿಲ್ಲವೆಂದು ಕಾತ್ಯಾಯಿನಿಗೆ ಹೊಳೆದಿರಲಿಲ್ಲ.

ಅನಂತಕೃಷ್ಣ ಚರ್ಮರೋಗದ ಡಾಕ್ಟರು. ದಾವಣಗೆರೆಯಲ್ಲಿ ಓದಿದವನು, ಐದು ವರ್ಷದಿಂದ ಕಾರ್ಕಿನಲ್ಲಿದ್ದ. ಒಂದು ಸಂಜೆ ಕೆಲಸ ಮುಗಿಸಿ ಕಾರಿನಲ್ಲಿ ಕೂತು ಸೀಟ್‌ಬೆಲ್ಟ್ ಎಳೆದುಕೊಳ್ಳುವಾಗ ಹೃದಯ ನಿಂತಿತು. ಮೂವತ್ತೇಳು ವರ್ಷ.

ಅವನ ಬಳಿ ಬರುತ್ತಿದ್ದ ಹಳ್ಳಿಯ ರೋಗಿಗಳದ್ದು ಒಂದು ತಮಾಷೆ ಇತ್ತು. ಕರು ಸಾಕುವವರಿಗೆ ಕರುಗಳಿಂದ ಹುಳುಕಡ್ಡಿ ಹತ್ತುತ್ತದೆ. ಅವರು ತಿಂಗಳುಗಟ್ಟಲೆ ಸರದಿ ಕಾದು, ಕೊನೆಗೆ ಅವನೆದುರು ಕೂತು ತೋಳು ಮಡಚಿ ತೋರಿಸಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಮಕ್ರೂಮ್ ಎಂಬ ಊರಿನಾಚೆಯ ಬ್ರೀಡಾ ಲೂಸಿ ಹತ್ತಿರ ಹೋಗಿದ್ದೆವು, ಅವಳ ಬಳಿ ಇದಕ್ಕೆ ಮದ್ದಿದೆ ಅನ್ನುತ್ತಿದ್ದರು. ಮತ್ತೆ ಇಲ್ಲಿಗೆ ಯಾಕೆ ಬಂದಿರಿ ಎಂದರೆ, ಬರುತ್ತೇವೆಂದು ಹೇಳಿ ಬಾರದಿರುವುದು ಮರ್ಯಾದೆಯಲ್ಲವಲ್ಲ ಡಾಕ್ಟರೇ ಅನ್ನುತ್ತಿದ್ದರು. ಹನ್ನೊಂದು ಜನ ಹೀಗೆ ಹೇಳಿದ ಮೇಲೆ ಅನಂತು ತಾನೇ ಕಾರು ಹತ್ತಿ ಹೋದ. ಎಂಬತ್ತೊಂದರ ಬ್ರೀಡಾ ಜೊತೆ ಮೂರು ಕಪ್ ಚಹಾ ಕುಡಿದು, ಅವಳ ಮದ್ದಿನ ಜಾಡಿಯನ್ನೇ ಎರವಲು ತಂದ.

ಉಪ್ಪಿಲ್ಲದ ಬೆಣ್ಣೆಯನ್ನು ಕಾಯಿಸಿ, ಎರಡು ಬಗೆಯ ಸೊಪ್ಪು ಹಾಕಿ, ಸೋಸಿ ಇಟ್ಟ ಮುಲಾಮು ಅದು. ಬ್ರೀಡಾ ಅದನ್ನು ವರ್ಷಕ್ಕೊಮ್ಮೆ, ಫೆಬ್ರವರಿಯ ಮೊದಲ ಗುರುವಾರ ಮಾಡುತ್ತಾಳೆ. ಪ್ರತಿ ಸಲವೂ ಹಳೆಯದರಲ್ಲಿ ಸ್ವಲ್ಪವನ್ನು ಹೊಸದಕ್ಕೆ ಬೆರೆಸಬೇಕು. ಹಾಗೆ ಬೆರೆಸುತ್ತ ಬಂದು ಅವಳ ಮುತ್ತಜ್ಜಿ ಕಾಯಿಸಿದ ಬೆಣ್ಣೆಯೂ ಅದರಲ್ಲಿ ಎಲ್ಲೋ ಇದೆ. ಹಳೆಯದು ಪೂರ್ತಿ ಮುಗಿದರೆ ಮದ್ದೂ ಮುಗಿಯಿತು, ಮತ್ತೆ ಮೊದಲಿನಿಂದ ಮಾಡಲು ಬರುವುದಿಲ್ಲ. "ಮೊಸರಿನ ಹೆಪ್ಪು ಇದ್ದಂಗೆ ಕಣೇ," ಎಂದು ಅನಂತು ಕಣ್ಣರಳಿಸಿ ಹೇಳಿದ್ದ. ಅದಕ್ಕೆ ಕಾಸು ಕೊಡುವಂತಿಲ್ಲ, ಥ್ಯಾಂಕ್ಸ್ ಕೂಡ ಹೇಳುವಂತಿಲ್ಲ, ಹೇಳಿದರೆ ಮದ್ದಿನ ಗುಣ ಹೋಗುತ್ತದಂತೆ. ನಮ್ಮ ಭಾಷೆಯಲ್ಲಿ ಧನ್ಯವಾದ ಬರುವುದು ಭಾಷಣದ ಕೊನೆಯಲ್ಲಿ ಮಾತ್ರ, ಆದ್ದರಿಂದ ನೀವು ಹೆದರಬೇಡಿ ಎಂದು ಅವನು ಅಜ್ಜಿಗೆ ಭರವಸೆ ಕೊಟ್ಟು ಬಂದಿದ್ದ.

ಆಮೇಲೆ ಹೆಂಡತಿಯ ಬೆನ್ನು ಹತ್ತಿದ. ವಿನೋದಿನಿ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸಂಶೋಧಕಿ. ಅವಳ ಕೆಲಸವೇ ಹುಳುಕಡ್ಡಿ ತರುವ ಫಂಗಸ್. ಅದಕ್ಕೆ ಎಂಟು ಸಾವಿರ ಚಿಲ್ಲರೆ ಜೀನುಗಳಿವೆ. ಎಲ್ಲವೂ ಸದಾ ಅದರೊಳಗೇ ಇರುತ್ತವೆ, ಆದರೆ ಎಲ್ಲವೂ ಒಟ್ಟಿಗೆ ಬಾಯಿ ಬಿಡುವುದಿಲ್ಲ. ಮುಂದೆ ಸಕ್ಕರೆ ಇಟ್ಟರೆ ಕೆಲವು ಮಾತಾಡುತ್ತವೆ, ಕೂದಲೋ ಚರ್ಮವೋ ಇಟ್ಟರೆ ಬೇರೆ ಕೆಲವು. ಕೂದಲಿನ ಗಟ್ಟಿ ಹೆಣಿಗೆಯನ್ನು ಮೊದಲು ಗಂಧಕದ ಒಂದು ಉಪ್ಪು ಉಗುಳಿ ಸಡಿಲ ಮಾಡಿಕೊಂಡು, ಆಮೇಲೆ ಕತ್ತರಿಯಂಥ ಕಿಣ್ವಗಳನ್ನು ಬಿಟ್ಟು ಅದು ತಿನ್ನುತ್ತದೆ. ಆ ಕತ್ತರಿಯ ಜೀನುಗಳು ಯಾವಾಗ ಬಾಯಿ ಬಿಡುತ್ತವೆ, ಯಾವಾಗ ಸುಮ್ಮನಾಗುತ್ತವೆ ಎಂದು ಅಳೆಯುವುದರಲ್ಲೇ ವಿನೋದಿನಿ ಐದು ವರ್ಷ ಕಳೆದಿದ್ದಳು.

"ನಿನ್ನ ಫಂಗಸ್ ಮುಂದೆ ಇದನ್ನಿಟ್ಟು ನೋಡು," ಎಂದಿದ್ದ ಅನಂತು. "ಅದು ಏನು ನಿಲ್ಸುತ್ತೆ, ಏನು ಶುರು ಮಾಡುತ್ತೆ, ಅಷ್ಟು ಹೇಳು ಸಾಕು."

"ಕರುವಿನ ಹುಳುಕಡ್ಡಿ ಎಷ್ಟೋ ಸಲ ಸುಮ್ನೆ ಬಿಟ್ರೂ ಹೋಗುತ್ತೆ. ನಿನ್ನ ಅಜ್ಜಿ ಮದ್ದು ಅಂದ್ರೆ ಬೇರೇನಲ್ಲ, ನಿಮ್ಮ ವೇಟಿಂಗ್ ಲಿಸ್ಟು."

ಅವನು ಬಿದ್ದು ಬಿದ್ದು ನಕ್ಕಿದ್ದ. ನಕ್ಕವನು ಮರುದಿನ ಮತ್ತೆ ಕೇಳಿದ್ದ. ಎಂಟು ದಿನ ಕೇಳಿದ. ಒಂಬತ್ತನೆಯ ದಿನ ಅವನಿರಲಿಲ್ಲ.

ವಿನೋದಿನಿ ಬ್ರೆಡ್ಡನ್ನು ಅಲ್ಲೇ ಬಿಟ್ಟು ಫ್ರಿಜ್ ತೆಗೆದಳು. ಜಾಡಿ ಇರಲಿಲ್ಲ. ಕಪಾಟು, ಸಿಂಕಿನ ಕೆಳಗೆ, ಅವನ ಬ್ಯಾಗು, ಎಲ್ಲಿಯೂ ಇಲ್ಲ. ಕಾತ್ಯಾಯಿನಿಗೆ ಫೋನ್ ಮಾಡಿ, ಬೂದು ಬಣ್ಣದ್ದು, ಕುತ್ತಿಗೆಗೆ ದಾರ ಕಟ್ಟಿದ ಜಾಡಿ ಕಂಡೆಯಾ ಎಂದು ಕೇಳಿದಳು.

"ತುಪ್ಪದ ಜಾಡಿನಾ? ದೀಪದ ಹತ್ರ ಇದೆ ನೋಡು."

ಅನಂತುವಿನ ಫೋಟೋ ಮುಂದೆ ಹತ್ತಾರು ದಿನ ಆರದಂತೆ ದೀಪ ಉರಿಸಬೇಕಿತ್ತು. ಅಂಗಡಿಯ ತುಪ್ಪ ಎರಡನೆಯ ದಿನಕ್ಕೇ ಮುಗಿಯಿತಂತೆ. ಫ್ರಿಜ್ಜಿನಲ್ಲಿ ಈ ಜಾಡಿ ಸಿಕ್ಕಿತಂತೆ. ಮೂಸಿದರೆ ತುಪ್ಪದ್ದೇ ಘಮ, ಜೊತೆಗೆ ತುಸು ಸೊಪ್ಪಿನ ವಾಸನೆ. ಈ ದೇಶದ ಹಸುಗಳು ಅಷ್ಟೊಂದು ಹುಲ್ಲು ತಿನ್ನುತ್ತವಲ್ಲ, ಅದಕ್ಕೇ ಇರಬೇಕು ಎಂದುಕೊಂಡಳಂತೆ. ಎಷ್ಟು ಚೆನ್ನಾಗಿ ಉರಿಯಿತೆಂದರೆ, ವಿಡಿಯೋದಲ್ಲಿ ಮಂತ್ರ ಹೇಳುತ್ತಿದ್ದ ಮೈಸೂರಿನ ಪುರೋಹಿತರು ನಡುವೆ ನಿಲ್ಲಿಸಿ, ದೀಪ ಬಹಳ ಪ್ರಶಾಂತವಾಗಿದೆಯಮ್ಮ ಎಂದಿದ್ದರು.

"ಅದು ಹುಳುಕಡ್ಡಿ ಮದ್ದು ಕಾತ್ಯಾ," ಎಂದಳು ವಿನೋದಿನಿ.

ಅಯ್ಯೋ ದೇವರೇ ಎಂದಳು ಕಾತ್ಯಾಯಿನಿ.

"ಯಾರಿಗೂ ಬಡಿಸಿಲ್ಲ ತಾನೆ?"

ಕಾತ್ಯಾಯಿನಿ ದನಿ ತಗ್ಗಿಸಿದಳು. "ಹದಿಮೂರನೇ ದಿನದ ಊಟಕ್ಕೆ ಬಂದಿದ್ರಲ್ಲ, ಸತ್ಯಪ್ರಕಾಶ್ ಅಂಕಲ್‌ಗೆ ಒಬ್ರಿಗೆ. ಒಬ್ಬಟ್ಟಿನ ಮೇಲೆ. ಅವರು ಇನ್ನೂ ಸ್ವಲ್ಪ ಹಾಕಮ್ಮ ಅಂದ್ರು."

ಜಾಡಿ ದೀಪದ ಪಕ್ಕದಲ್ಲೇ ಇತ್ತು. ತಳ ಕಾಣುತ್ತಿತ್ತು. ವಿನೋದಿನಿ ಲ್ಯಾಬಿನಿಂದ ತಂದಿದ್ದ ಸಣ್ಣ ಚಮಚದಿಂದ ಗೋಡೆಯ ಸುತ್ತ ಕೆರೆದು ಕೆರೆದು ಒಂದೆಡೆ ಕೂಡಿಸಿದಳು. ಒಟ್ಟು ಸೇರಿದ್ದು ಒಂದು ಹುಣಸೆಬೀಜದಷ್ಟು.

ಅವಳು ಲೆಕ್ಕ ಹಾಕಿದಳು. ಅರ್ಧ ಬೀಜದಷ್ಟು ಸಾಕು, ಮೂರು ತಟ್ಟೆಗೆ ಆಗುತ್ತದೆ. ಉಳಿದರ್ಧ ಅಜ್ಜಿಯ ಹೆಪ್ಪಿಗೆ. ಫಂಗಸ್ಸಿಗೆ ಎರಡು ದಿನ ಕೊಟ್ಟರೆ ಬುಧವಾರ ಉತ್ತರ ಸಿಗುತ್ತದೆ, ಗುರುವಾರ ಜಾಡಿ ಕೊಡಬಹುದು. ಯಾವುದೂ ತಪ್ಪುವಂತಿಲ್ಲ. ತಪ್ಪಿದರೆ ಒಂದೋ ಗಂಡ ಕೇಳಿದ ಕೊನೆಯ ಪ್ರಶ್ನೆಗೆ ಉತ್ತರವಿಲ್ಲ, ಇಲ್ಲವೇ ಒಬ್ಬ ಮುದುಕಿಯ ಮನೆಯ ನಾಲ್ಕು ತಲೆಮಾರಿನ ಮದ್ದು ಇಲ್ಲಿಗೇ ಕೊನೆ.

ಹೀಗೆ ಆ ಮಾಮೂಲಿ ಸೋಮವಾರ ಅವಳು ಜಾಡಿಯನ್ನು ಊಟದ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಲ್ಯಾಬಿನ ಟೆಕ್ನಿಷಿಯನ್ ಫಿನ್‌ಬಾರ್ ಬೋಳುತಲೆಯ ಕಾರ್ಕಿನವನು. ಹೇಳಬೇಕಾದದ್ದನ್ನು ಅವನು ಅಂತ್ಯಕ್ರಿಯೆಯ ದಿನವೇ ಕೈ ಕುಲುಕಿ ಹೇಳಿದ್ದ. ಈಗ ಫಂಗಸ್ ತಟ್ಟೆಗಳ ಕಪಾಟಿನತ್ತ ಬೆರಳು ತೋರಿಸಿ, ನಿನ್ನ ಮಕ್ಕಳೆಲ್ಲ ಗ್ರ್ಯಾಂಡ್ ಆಗಿದ್ದಾರೆ, ಸಮಯಕ್ಕೆ ಸರಿಯಾಗಿ ಉಣಿಸಿದ್ದೇನೆ ಎಂದಷ್ಟೇ ಹೇಳಿದ. ಕರುವಿನಿಂದ ಮನುಷ್ಯರಿಗೆ ಹತ್ತುವ ಆ ಫಂಗಸ್ ಬಹಳ ಸೋಮಾರಿ. ಅದು ತಟ್ಟೆಯಲ್ಲಿ ಕಾಸಗಲ ಬೆಳೆಯಲು ವಾರಗಟ್ಟಲೆ ಬೇಕು. ಫಿನ್‌ಬಾರ್ ನೋಡಿಕೊಳ್ಳದಿದ್ದರೆ ಕೆಲಸ ಅಲ್ಲಿಗೇ ಮುಗಿದಿರುತ್ತಿತ್ತು.

ಫಂಗಸ್ಸಿಗೆ ತಿನ್ನಲು ಕೂದಲು ಬೇಕು. ಲ್ಯಾಬಿನ ಕೂದಲೆಲ್ಲ ಅನಂತುವಿನದೇ. ಫಿನ್‌ಬಾರನ ತಲೆಯಲ್ಲಿ ಇರಲಿಲ್ಲ, ವಿನೋದಿನಿಯದು ಬಣ್ಣ ಹಚ್ಚಿದ್ದು, ಬರುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಅಡುಗೆಮನೆಯಲ್ಲಿ ಅವಳೇ ಅವನ ಕೂದಲು ಕತ್ತರಿಸಿ ಚೀಲಕ್ಕೆ ತುಂಬಿ ತರುತ್ತಿದ್ದಳು. ನನ್ನ ಸಂಬಳಕ್ಕಿಂತ ನನ್ನ ತಲೆಗೇ ನಿನ್ನ ಹತ್ತಿರ ಬೆಲೆ ಜಾಸ್ತಿ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಚೀಲದ ಮೇಲೆ ಅವಳದೇ ಅಕ್ಷರದಲ್ಲಿ ಹೆಸರು, ತಾರೀಖು ಇತ್ತು. ವಿನೋದಿನಿ ಅದರಿಂದ ಒಂಬತ್ತು ಚಿಟಿಕೆ ತೂಗಿದಳು. ತೂಕ ಒಂದರಲ್ಲೂ ತಪ್ಪಲಿಲ್ಲ. ತಪ್ಪಿದ್ದರೆ ಒಳ್ಳೆಯದಿತ್ತೇನೋ ಎಂದು ಒಂದು ಕ್ಷಣ ಅನ್ನಿಸಿತು.

ಒಂಬತ್ತು ತಟ್ಟೆ, ಎಲ್ಲದರಲ್ಲೂ ಬೆಳೆದ ಫಂಗಸ್ಸಿನ ಒಂದೊಂದು ತುಂಡು. ಮೂರರಲ್ಲಿ ಬರೀ ಕೂದಲು. ಮೂರರಲ್ಲಿ ಕೂದಲು, ಜೊತೆಗೆ ಅಂಗಡಿಯ ಬೆಣ್ಣೆ ಕಾಯಿಸಿದ ಸಾದಾ ತುಪ್ಪ. ಮೂರರಲ್ಲಿ ಕೂದಲು, ಜೊತೆಗೆ ಬ್ರೀಡಾಳ ಮದ್ದು. ಕರಗಿಸಿ ಸವರಿದ ಮೇಲೆ ಸಾದಾ ತುಪ್ಪಕ್ಕೂ ಮದ್ದಿಗೂ ಒಂದೇ ಹಳದಿ, ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಅವಳು ಹೆಸರು ಬರೆದು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಮನೆಗೆ ಬಂದಳು.

ಬುಧವಾರ ಬೆಳಿಗ್ಗೆ ಜಿಡ್ಡಿನ ಆರು ತಟ್ಟೆಗಳನ್ನು ಸಾಲಾಗಿಟ್ಟು, ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು. ಆಗಲೇ ಗಗನ್ ಫೋನು ಬಂತು. ಶ್ರೀರಂಗಪಟ್ಟಣದಲ್ಲಿ ಎಲ್ಲ ಚೆನ್ನಾಗಿ ಆಯಿತು ಅತ್ತಿಗೆ, ನದಿಯಲ್ಲಿ ನೀರು ಚೆನ್ನಾಗಿತ್ತು ಎಂದ. ಸರಿ ಗಗನ್, ಊಟ ಮಾಡು ಎಂದಳು. ಫೋನು ಇಟ್ಟಳು. ತಿರುಗಿ ಬಂದು ನೋಡಿದರೆ ಆರು ಮುಚ್ಚಳ ಒಂದು ಕಡೆ, ಆರು ತಟ್ಟೆ ಇನ್ನೊಂದು ಕಡೆ. ಹೆಸರುಗಳೆಲ್ಲ ಮುಚ್ಚಳದ ಮೇಲಿದ್ದವು. ತಟ್ಟೆಯ ತಳದಲ್ಲಿ ಏನೂ ಬರೆದಿರಲಿಲ್ಲ. ಮೊದಲ ವರ್ಷದ ಹುಡುಗರು ಈ ತಪ್ಪು ಮಾಡಿದಾಗಲೆಲ್ಲ ಬೈಯುತ್ತಿದ್ದವಳು ಅವಳೇ.

ಮೂಸಿ ನೋಡಿದಳು. ಆರಕ್ಕೂ ಫಂಗಸ್ಸಿನದೇ ಒದ್ದೆ ವಾಸನೆ. ಆರೂ ಒಂದೇ ರೀತಿ ವರ್ತಿಸಿದ್ದರೆ ಹೆಸರಿನ ಗೊಡವೆಯೇ ಬೇಡವಲ್ಲ ಎಂಬ ಆಸೆಯಿಂದ ಕೆಲಸ ಮುಂದುವರಿಸಿದಳು. ಕೊರೆಯುವ ನೈಟ್ರೋಜನ್ನಿನಲ್ಲಿ ಫಂಗಸ್ಸನ್ನು ಗಡ್ಡೆ ಕಟ್ಟಿಸಿ, ಕುಟ್ಟಾಣಿಯಲ್ಲಿ ಪುಡಿ ಮಾಡಿ, ಯಾವ ಜೀನು ಎಷ್ಟು ಮಾತಾಡುತ್ತಿತ್ತು ಎಂದು ಹೇಳುವ ಆರ್‌ಎನ್‌ಎ ತೆಗೆದು ಯಂತ್ರಕ್ಕೆ ಹಾಕಿದಳು. ಮಧ್ಯಾಹ್ನ ಮೂರಕ್ಕೆ ಪರದೆಯ ಮೇಲೆ ಗೆರೆಗಳು ಬಂದವು. ಬರೀ ಕೂದಲಿದ್ದ ಕಡೆ ಕತ್ತರಿಯ ಜೀನುಗಳು ಸಂತೆಯಂತೆ ಗಲಾಟೆ ಮಾಡುತ್ತಿದ್ದವು. ಜಿಡ್ಡಿದ್ದ ಆರರಲ್ಲಿ ಮೂರು ಕಡೆ ಅದೇ ಗಲಾಟೆ. ಇನ್ನು ಮೂರು ಕಡೆ ಕತ್ತರಿಯ ಜೀನುಗಳು ಹೆಚ್ಚುಕಡಿಮೆ ಬಾಯಿ ಮುಚ್ಚಿಕೊಂಡಿದ್ದವು.

ಫಿನ್‌ಬಾರ್ ಹೆಗಲ ಹಿಂದಿನಿಂದ ಬಗ್ಗಿ ನೋಡಿದ. ಸುಮ್ಮನಾದ ಮೂರು ಯಾವುವು ಎಂದು ಕೇಳಿದ.

ಗೊತ್ತಿಲ್ಲ ಎಂದಳು.

ಬ್ರೀಡಾಳ ಮದ್ದು ಕೆಲಸ ಮಾಡಿರಬಹುದು. ಇಲ್ಲವೇ ಸಾದಾ ತುಪ್ಪ ಕೆಲಸ ಮಾಡಿ, ಮದ್ದು ಏನೂ ಮಾಡದೆ ಇರಬಹುದು. ಮೂರು ಮೂರು ತಟ್ಟೆ, ಒಂದೇ ಸಲದ ಪ್ರಯೋಗ, ಅದರಲ್ಲೂ ಹೆಸರು ಕಲಸಿದ್ದು. ಇದನ್ನು ಯಾರ ಮುಂದೆಯೂ ಬಾಯಿ ಬಿಡುವಂತಿರಲಿಲ್ಲ. ಮತ್ತೆ ಮಾಡಬೇಕೆಂದರೆ ಜಾಡಿಯಲ್ಲಿ ಉಳಿದ ಅರ್ಧ ಬೀಜವೂ ಬೇಕು.

ಸಂಜೆ ಕಾತ್ಯಾಯಿನಿ ಸಾರು ಅನ್ನ ತಂದಳು. ಮೂರು ದಿನದಿಂದ ಅವಳು ಇವಳ ಮುಖ ನೋಡಲು ನಾಚಿಕೊಂಡಿದ್ದಳು, ಕಣ್ಣು ಮಾತ್ರ ದಿನಾ ದೀಪದ ಕಡೆ ಹೋಗುತ್ತಿತ್ತು. ನಾಳೆ ಮಕ್ರೂಮಿಗೆ ಎಷ್ಟು ಹೊತ್ತಿಗೆ ಹೊರಡೋಣ ಎಂದು ಕೇಳಿದಳು. ವಿನೋದಿನಿಯದು ಇನ್ನೂ ಕಲಿಯುವವರ ಲೈಸೆನ್ಸು, ಪಕ್ಕದಲ್ಲಿ ಪೂರ್ತಿ ಲೈಸೆನ್ಸಿನವರು ಇಲ್ಲದೆ ಓಡಿಸುವಂತಿರಲಿಲ್ಲ.

"ಹೋಗ್ತಿಲ್ಲ," ಎಂದಳು ವಿನೋದಿನಿ. "ಉಳಿದಿದ್ದನ್ನೂ ಲ್ಯಾಬಿಗೆ ಹಾಕ್ತೀನಿ. ಅನಂತು ಕೇಳಿದ್ದು ಅದೊಂದೇ."

ಕಾತ್ಯಾಯಿನಿ ಸಾರಿನ ಡಬ್ಬಿ ಕೆಳಗಿಟ್ಟಳು. "ನೀನು ಪಿಎಚ್‌ಡಿ ಮಾಡಿರೋದು ನಿಜ ತಾನೆ? ಹೆಪ್ಪು ಕೊಟ್ರೆ ಆ ಅಜ್ಜಿ ನಾಳೆನೇ ಪಾತ್ರೆ ತುಂಬ ಮಾಡ್ತಾರೆ. ಅದರಲ್ಲಿ ಕೇಳಿ ಇಸ್ಕೋ, ನೂರು ತಟ್ಟೆಗೆ ಹಾಕು. ಇಟ್ಕೊಂಡ್ರೆ ಇರೋದು ಒಂದೇ ಸಲ, ಆಮೇಲೆ ಅವರಿಗೂ ಇಲ್ಲ, ನಿನಗೂ ಇಲ್ಲ."

ಇಷ್ಟು ಸುಲಭದ ಮಾತು ತನಗೆ ಹೊಳೆಯಲೇ ಇಲ್ಲವಲ್ಲ ಎಂದು ವಿನೋದಿನಿ ಬೆರಗಾದಳು. ಮೊಸರು ಮಾಡುವ ಯಾರಿಗಾದರೂ ಹೊಳೆಯುವಂಥದ್ದು. ಆದರೆ ಬಾಯಿಂದ ಬಂದದ್ದು ಬೇರೆ.

"ಆ ಹೊಸದು ಅನಂತು ತಂದಿದ್ದಲ್ಲ."

ಹೇಳಿದ ಮೇಲೆ ಅವಳಿಗೇ ಕೇಳಿಸಿತು.

"ಅಲ್ಲ," ಎಂದಳು ಕಾತ್ಯಾಯಿನಿ ನಿಧಾನವಾಗಿ. "ಇದೂ ಅನಂತುದಲ್ಲ ಕಣೇ. ಎರವಲು ತಂದಿದ್ದು."

ಡಬ್ಬಿಯ ಅನ್ನ ಆರುತ್ತಿತ್ತು. ಕಾತ್ಯಾಯಿನಿ ಸಂಕೋಚದಿಂದ, ಸತ್ಯಪ್ರಕಾಶ್ ಅಂಕಲ್ ಇವತ್ತು ಫೋನ್ ಮಾಡಿದ್ದರು, ಆ ತುಪ್ಪ ಯಾವ ಅಂಗಡಿಯದೆಂದು ಕೇಳಿದರು ಎಂದಳು. ವಿನೋದಿನಿಯ ಗಂಟಲಿನಿಂದ ಏನೋ ಸದ್ದು ಹೊರಟಿತು. ಕೆಮ್ಮು ಎಂದು ಕಾತ್ಯಾಯಿನಿ ನೀರು ತರಲು ಎದ್ದಳು. ಅದು ನಗು. ಹೊಟ್ಟೆ ಹಿಡಿದುಕೊಳ್ಳುವಂಥ, ಮೂಗು ಸೋರುವಂಥ ನಗು. ಲೆನ್ಸು ತೆಗೆದು ಟೇಬಲ್ಲಿನ ಮೇಲಿಟ್ಟು ನಕ್ಕಳು. ನಗುವಿನ ಮಧ್ಯೆ ಬೇರೆಯದೂ ಬಂತು. ಕಾತ್ಯಾಯಿನಿ ಅದನ್ನು ಗಮನಿಸದವಳಂತೆ ಅನ್ನ ಕಲಸಿ ತಟ್ಟೆ ಮುಂದಿಟ್ಟಳು.

ಗುರುವಾರ ಮಕ್ರೂಮಿನ ದಾರಿಯಲ್ಲಿ ವಿನೋದಿನಿ ನಲವತ್ತರ ವೇಗ ಮೀರದೆ ಓಡಿಸಿದಳು. ಹಿಂದೆ ಟ್ರಾಕ್ಟರುಗಳೇ ಸಾಲುಗಟ್ಟಿದವು. ಜಾಡಿ ಕಾತ್ಯಾಯಿನಿಯ ತೊಡೆಯ ಮೇಲಿತ್ತು, ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬ್ರೀಡಾಳ ಮನೆಯ ಮುಂದೆ ಮಾತ್ರ ಅವಳು ಕಾರಿನಿಂದ ಇಳಿಯಲು ಒಪ್ಪಲಿಲ್ಲ. ಹುಳುಕಡ್ಡಿ ಮದ್ದನ್ನು ಬಡಿಸಿದವಳು ನಾನೇ ಎಂದು ಹೇಗೆ ಹೇಳಲಿ ಎಂದಳು. ನಾನು ಹೇಳುತ್ತೇನೆ ಎಂದು ವಿನೋದಿನಿ ಜಾಡಿ ತೆಗೆದುಕೊಂಡು ಇಳಿದಳು.

ಬ್ರೀಡಾ ಬಾಗಿಲಲ್ಲೇ ಅವಳ ಕೈ ಹಿಡಿದಳು. ಅಂತ್ಯಕ್ರಿಯೆಯ ದಿನ ಸಾಲಿನಲ್ಲಿ ನಿಂತು ಇದೇ ಕೈ ಕುಲುಕಿದ್ದೆ, ನಿನಗೆ ನೆನಪಿರಲಾರದು, ಅವತ್ತು ಜಾಡಿಯ ಮಾತು ಎತ್ತುವುದು ಚೆನ್ನಾಗಿರುವುದಿಲ್ಲವೆಂದು ಸುಮ್ಮನೆ ಬಂದೆ ಎಂದಳು. ಒಳಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಬೆಣ್ಣೆ ಕರಗುತ್ತಿತ್ತು. ಸೊಪ್ಪು ತೊಳೆದು ಬಟ್ಟೆಯ ಮೇಲೆ ಹರಡಿತ್ತು. ಜಾಡಿ ಬರುತ್ತದೋ ಇಲ್ಲವೋ ಗೊತ್ತಿಲ್ಲದೆಯೇ ಅವಳು ಬೆಳಿಗ್ಗೆಯಿಂದ ಒಲೆ ಹಚ್ಚಿಕೊಂಡು ಕೂತಿದ್ದಳು.

ವಿನೋದಿನಿ ನಿಂತುಕೊಂಡೇ ಎಲ್ಲ ಹೇಳಿದಳು. ದೀಪದ್ದು, ಒಬ್ಬಟ್ಟಿನದ್ದು, ಲ್ಯಾಬಿಗೆ ತೆಗೆದ ಅರ್ಧದ್ದು, ಮುಚ್ಚಳದ್ದು. ಬ್ರೀಡಾ ಎಲ್ಲವನ್ನೂ ಕೈ ಕಟ್ಟಿಕೊಂಡು ಕೇಳಿದಳು.

"ದೀಪ ಎಷ್ಟು ದಿನ ಉರಿಯಿತು?"

"ಹನ್ನೊಂದು ದಿನ."

"ಹೊಗೆ ಬಂತೇ?"

"ಇಲ್ಲ. ಒಮ್ಮೆಯೂ ಇಲ್ಲ."

"ಹಾಗಾದರೆ ಹೋದ ವರ್ಷ ಚೆನ್ನಾಗಿಯೇ ಸೋಸಿದ್ದೇನೆ," ಎಂದಳು ಬ್ರೀಡಾ. ನಿನ್ನ ಗಂಡನ ಪ್ರಶ್ನೆಗೆ ಏನು ಉತ್ತರ ಬಂತು ಎಂದು ಕೇಳಿದಳು. ಮೂರು ಕಡೆ ಫಂಗಸ್ ಕಚ್ಚುವುದನ್ನು ಬಿಟ್ಟಿತು, ಮೂರು ಕಡೆ ಬಿಡಲಿಲ್ಲ, ನಿಮ್ಮದು ಯಾವ ಮೂರು ಎಂದು ಗೊತ್ತಿಲ್ಲ ಎಂದಳು ವಿನೋದಿನಿ. ಬ್ರೀಡಾ ಅದನ್ನು ತೂಗಿ ನೋಡುವವಳಂತೆ ತಲೆ ಆಡಿಸಿದಳು. ನನ್ನ ಹತ್ತಿರ ಬರುವವರಲ್ಲೂ ಹೆಚ್ಚುಕಡಿಮೆ ಹೀಗೇ, ಅರ್ಧ ಜನ ವಾಸಿಯಾಗುತ್ತಾರೆ, ಅರ್ಧ ಜನ ಇನ್ನೊಮ್ಮೆ ಬರುತ್ತಾರೆ, ಮುಂದಿನ ಗುರುವಾರ ಹೊಸದು ಗಟ್ಟಿಯಾಗಿರುತ್ತದೆ, ಬಾ, ಈ ಸಲ ತಳದಲ್ಲೂ ಹೆಸರು ಬರೆ ಎಂದಳು.

ವಿನೋದಿನಿಯ ಬಾಯಲ್ಲಿ ಥ್ಯಾಂಕ್ಸ್ ಅರ್ಧ ಬಂದಿತ್ತು. ಅಜ್ಜಿ ಹುಬ್ಬು ಏರಿಸಿದಳು. ನುಂಗಿಕೊಂಡಳು.

"ಬೆಣ್ಣೆ ಹದಕ್ಕೆ ಬಂತು, ಇನ್ನು ನಮಗಾಗಿ ಕಾಯುವುದಿಲ್ಲ," ಎಂದು ಬ್ರೀಡಾ ಕೈ ಚಾಚಿದಳು. "ಎಲ್ಲಿ, ಕೊಡು."

ವಿನೋದಿನಿ ದಾರ ಬಿಚ್ಚಿ, ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಬ್ರೀಡಾ ಅದನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಒಳಗೆ ಇಣುಕಿದಳು. ಬಹಳ ಹೊತ್ತು ನೋಡಿದಳು.

"ಹೋದ ವರ್ಷ ಇದಕ್ಕಿಂತ ಕಡಿಮೆ ಇತ್ತು," ಎಂದಳು ಬ್ರೀಡಾ.